ಎರಡನೆಯ ಆಯ್ಕೆಗಾಗಿ ಹದಿನೇಳು ವರ್ಷ

ಅಂಬುಜಾ ನೈರೋಬಿಗೆ ಬಂದದ್ದು ೧೯೮೪ರಲ್ಲಿ, ಮದುವೆಯಾದ ಮೂರನೇ ತಿಂಗಳಲ್ಲಿ. ಗಂಡ ನರಸಿಂಹ ಇಲ್ಲಿನ ಕಾಲೇಜೊಂದರಲ್ಲಿ ಸಿವಿಲ್ ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದರು. ಮೈಸೂರಿನಲ್ಲಿ ಗಣಿತದ ಎಂಎಸ್ಸಿ ಮುಗಿಸಿ ಬಂದಿದ್ದ ಅಂಬುಜಾ ಆರು ತಿಂಗಳು ಮನೆಯಲ್ಲಿ ಕೂತು ಬೇಸತ್ತು, ಲಂಗಾಟಾ ಬಡಾವಣೆಯ ಒಂದು ಸೆಕೆಂಡರಿ ಶಾಲೆಗೆ ಅರ್ಜಿ ಹಾಕಿದಳು. ಅಲ್ಲಿ ಮೂವತ್ತಮೂರು ವರ್ಷ ಪಾಠ ಹೇಳಿ ೨೦೧೮ರಲ್ಲಿ ನಿವೃತ್ತಳಾದಳು. ಊರಿನವರಿಗೆ ಆಕೆ ನರಸಿಂಹನವರ ಹೆಂಡತಿ. ಲಂಗಾಟಾದವರಿಗೆ ಮಾತ್ರ ಮ್ವಾಲಿಮು, ಎಂದರೆ ಟೀಚರು. ತರಕಾರಿ ಅಂಗಡಿಯವನಿಂದ ಹಿಡಿದು ಬ್ಯಾಂಕಿನ ಮ್ಯಾನೇಜರವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು.

ಶಾಲೆಯ ಸ್ಟಾಫ್‌ರೂಮಿನಲ್ಲಿ ಆಕೆಯ ಎಡಕ್ಕೆ ಭೌತಶಾಸ್ತ್ರದ ಡೇವಿಡ್, ಬಲಕ್ಕೆ ಭೂಗೋಳದ ಗ್ಲೋರಿಯಾ ಕೂರುತ್ತಿದ್ದರು. ಇಬ್ಬರೂ ಇದೇ ದೇಶದವರು, ಆದರೆ ಬೇರೆ ಬೇರೆ ಸಮುದಾಯ, ಬೇರೆ ಬೇರೆ ಸೀಮೆ. ಹನ್ನೊಂದು ವರ್ಷ ಮೂವರೂ ಒಂದೇ ಫ್ಲಾಸ್ಕಿನ ಚಹಾ ಕುಡಿದಿದ್ದರು. ೨೦೦೭ರ ಡಿಸೆಂಬರಿನ ಚುನಾವಣೆಯಾದ ಮೇಲೆ ಸಮುದಾಯ ಸಮುದಾಯಗಳ ಜಗಳದಲ್ಲಿ ದೇಶ ಹೊತ್ತಿ ಉರಿಯಿತು. ಗ್ಲೋರಿಯಾಳ ಅಣ್ಣನ ಮನೆ ಸುಟ್ಟರು. ಡೇವಿಡ್‌ನ ಅಕ್ಕನ ಮಗ ಗುಂಡೇಟಿಗೆ ಸತ್ತ. ಶಾಲೆ ಮತ್ತೆ ತೆರೆದಾಗ ಇಬ್ಬರೂ ಬಂದರು, ತಮ್ಮ ತಮ್ಮ ಜಾಗದಲ್ಲೇ ಕೂತರು. ಆದರೆ ಇಬ್ಬರ ಕೈಯಲ್ಲೂ ಒಂದೊಂದು ಫ್ಲಾಸ್ಕ್ ಇತ್ತು. ಅಂಬುಜಾ ಇಬ್ಬರ ನಡುವೆ ಉತ್ತರಪತ್ರಿಕೆ ತಿದ್ದುತ್ತ ಕೂತಳು. ಆ ಇಡೀ ವರ್ಷ ಇಬ್ಬರೂ ಪರಸ್ಪರ ಹೇಳಬೇಕಾದ ಮಾತನ್ನು ಆಕೆಯ ಮೂಲಕ ಹೇಳಿಕೊಂಡರು: ಪರೀಕ್ಷೆಯ ವೇಳಾಪಟ್ಟಿ, ಲ್ಯಾಬಿನ ಬೀಗದ ಕೈ, ಅಷ್ಟೇ.

ಆ ವರ್ಷವೇ ಆಕೆಯ ತರಗತಿಯ ಮಕ್ಕಳಿಗೆ ಪ್ರವಾಸ ಎಲ್ಲಿಗೆಂಬ ತಕರಾರು ಬಂತು. ನಲವತ್ತು ಮಕ್ಕಳಲ್ಲಿ ಹದಿನಾರು ಮಂದಿ ಮೊಂಬಾಸಾ ಎಂದರು, ಹದಿಮೂರು ಮಂದಿ ನೈವಾಶಾ, ಹನ್ನೊಂದು ಮಂದಿ ನಕೂರು. ಮೊಂಬಾಸಾದವರು ಗೆದ್ದೆವೆಂದು ಮೇಜು ಕುಟ್ಟಿದರು. ಉಳಿದ ಇಪ್ಪತ್ತನಾಲ್ಕು ಮಕ್ಕಳ ಮುಖ ನೋಡಿ ಅಂಬುಜಾಗೆ ಏನೋ ಹೊಳೆಯಿತು. ನಕೂರು ಕೇಳಿದವರನ್ನು ನಿಲ್ಲಿಸಿ, ಅದು ಸಿಗದಿದ್ದರೆ ಮತ್ತೆ ಯಾವುದು ಎಂದು ಕೇಳಿದಳು. ಒಂಬತ್ತು ಮಂದಿ ನೈವಾಶಾ ಎಂದರು, ಇಬ್ಬರು ಮೊಂಬಾಸಾ. ಹಾಗೆ ನೈವಾಶಾಕ್ಕೆ ಇಪ್ಪತ್ತೆರಡಾಯಿತು, ಬಸ್ಸು ನೈವಾಶಾಕ್ಕೇ ಹೋಯಿತು. ಮೊಂಬಾಸಾ ಗುಂಪಿನ ನಾಯಕ ಪೀಟರ್ ಎಂಬ ಹುಡುಗ ಮೊದಲು ಮುನಿಸಿಕೊಂಡ. ಆಮೇಲೆ ಅವನೇ ನಗುತ್ತ, ಗೊತ್ತಿದ್ದರೆ ನಾನು ನಕೂರಿನವರ ಹಿಂದೆ ಮೊದಲೇ ಸುತ್ತುತ್ತಿದ್ದೆ ಮ್ವಾಲಿಮು ಎಂದ.

ಆ ಮಾತು ಆಕೆಯ ತಲೆಯಲ್ಲಿ ನಿಂತುಬಿಟ್ಟಿತು. ಮತದಾರ ಒಬ್ಬನಿಗೆ ಮಾತ್ರ ಮುದ್ರೆ ಒತ್ತುವ ಬದಲು ಒಂದು, ಎರಡು, ಮೂರು ಎಂದು ಕ್ರಮವಾಗಿ ಗುರುತಿಸಿದರೆ, ಅಭ್ಯರ್ಥಿಗೆ ತನ್ನವರ ಮತವಷ್ಟೇ ಸಾಲುವುದಿಲ್ಲ. ಪಕ್ಕದ ಸೀಮೆಯವನ ಬಾಗಿಲಿಗೂ ಹೋಗಬೇಕು, ನಿಮ್ಮ ಮೊದಲನೆಯ ಆಯ್ಕೆ ಯಾರಾದರೂ ಇರಲಿ, ಎರಡನೆಯದು ನನಗಿರಲಿ ಎಂದು ಕೇಳಬೇಕು. ಹಾಗೆ ಕೇಳಬೇಕಾದವನು ಆ ಮನೆಗೆ ಬೆಂಕಿ ಇಡಲಾರ. ಅಂಬುಜಾ ಇದನ್ನು ಹೀಗೆಯೇ ನಂಬಿದಳು, ಲೆಕ್ಕದ ಪುಸ್ತಕದ ಒಂದು ಪ್ರಮೇಯವನ್ನು ನಂಬುವ ಹಾಗೆ.

೨೦೧೧ರಲ್ಲಿ ಭಾರತದ ಪಾಸ್‌ಪೋರ್ಟ್ ಹಿಂದಿರುಗಿಸಿ ಆಕೆ ಇಲ್ಲಿನ ಪೌರತ್ವ ತೆಗೆದುಕೊಂಡಳು. ಮತವೇ ಇಲ್ಲದವಳು ಮತದ ಮಾತಾಡಿದರೆ ಯಾರು ಕೇಳುತ್ತಾರೆ ಎಂಬುದು ಆಕೆಯ ವಾದ. ನರಸಿಂಹ ತೆಗೆದುಕೊಳ್ಳಲಿಲ್ಲ. ಒಂದೇ ಮನೆಯಲ್ಲಿ ಎರಡು ದೇಶ ಎಂದು ಸ್ನೇಹಿತರು ತಮಾಷೆ ಮಾಡುತ್ತಿದ್ದರು. ಸಂವಿಧಾನ ಹೊಸದಾಗಿತ್ತು, ಪ್ರತಿ ಕೌಂಟಿಗೂ, ಎಂದರೆ ನಮ್ಮ ರಾಜ್ಯಗಳ ಹಾಗಿನ ಪ್ರಾಂತ್ಯಗಳಿಗೂ, ಒಬ್ಬ ಚುನಾಯಿತ ಗವರ್ನರ್ ಬರುವವನಿದ್ದ. ದೇಶದ ಅಧ್ಯಕ್ಷನಿಗೆ ಅರ್ಧಕ್ಕಿಂತ ಹೆಚ್ಚು ಮತ ಬೇಕೆಂದಿತ್ತು, ಗವರ್ನರಿಗೆ ಆ ಕಟ್ಟಳೆ ಇರಲಿಲ್ಲ. ನಾಲ್ಕೈದು ಜನ ನಿಂತ ಕಡೆ ಮೂರನೆಯ ಒಂದು ಪಾಲು ಮತ ಪಡೆದವನೂ ಗೆಲ್ಲಬಹುದಿತ್ತು. ಇದನ್ನು ಬದಲಿಸಿ ಎಂದು ಅಂಬುಜಾ ಬರೆಯತೊಡಗಿದಳು. ಪತ್ರಿಕೆಗಳಿಗೆ ಬರೆದಳು, ಸಮಿತಿಗಳಿಗೆ ಬರೆದಳು, ಚರ್ಚುಗಳ ಒಕ್ಕೂಟಕ್ಕೆ ಬರೆದಳು. ಹೆಚ್ಚಿನವಕ್ಕೆ ಉತ್ತರ ಬರಲಿಲ್ಲ. ಬಂದವುಗಳಲ್ಲಿ, ನಿಮ್ಮ ಸಲಹೆಯನ್ನು ಗಮನಿಸಲಾಗಿದೆ ಎಂಬ ಒಂದೇ ಸಾಲು.

ಹೀಗೆ ವರ್ಷಗಳು ಉರುಳಿದವು. ಇಂದು ಎಂಬ ಹೆಸರಿನ ಮಗಳು ಬೆಳೆದು ವೆಸ್ಟ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದಳು. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವವಳು. ಒಮ್ಮೆ ಆಕೆ, ಅಮ್ಮಾ, ನಿನ್ನ ಸಿದ್ಧಾಂತದಲ್ಲಿ ಎಲ್ಲ ಸರಿಯಿದೆ, ಜನರನ್ನು ಬಿಟ್ಟು ಎಂದಳು. ಅಂಬುಜಾ ಒಂದು ವಾರ ಮಗಳೊಡನೆ ಸರಿಯಾಗಿ ಮಾತಾಡಲಿಲ್ಲ.

ಹುರುಪು ಮತ್ತೆ ಬಂದದ್ದು ೨೦೨೪ರಲ್ಲಿ. ಮೊಂಬಾಸಾ ಗುಂಪಿನ ಆ ಪೀಟರ್ ಈಗ ಸಂಸತ್ ಸದಸ್ಯನಾಗಿದ್ದ. ಹರ್ಲಿಂಗ್‌ಹ್ಯಾಮ್‌ನ ತನ್ನ ಕಚೇರಿಗೆ ಕರೆಸಿಕೊಂಡ, ಎದ್ದು ಬಂದು ಎರಡೂ ಕೈಯಲ್ಲಿ ಆಕೆಯ ಕೈ ಹಿಡಿದ. ಗವರ್ನರ್ ಚುನಾವಣೆಗೆ ಆಯ್ಕೆಯ ಕ್ರಮದ ಮತದಾನ ತರುವ ತಿದ್ದುಪಡಿ ಮಸೂದೆಯನ್ನು ತಾನೇ ಮಂಡಿಸುವುದಾಗಿ ಹೇಳಿದ. ಆದರೆ ಜನ ಕೇಳುತ್ತಾರೆ, ಈ ದೇಶದಲ್ಲಿ ಇದು ಎಲ್ಲಿ ನಡೆದಿದೆ ಎಂದು. ಒಂದು ಕಡೆಯಾದರೂ ನಡೆಸಿ ತೋರಿಸಬೇಕು ಮ್ವಾಲಿಮು ಎಂದ. ಮಟಾಟುವಿನಲ್ಲಿ, ಎಂದರೆ ಇಲ್ಲಿನ ಪುಟ್ಟ ಬಸ್ಸಿನಲ್ಲಿ, ಮನೆಗೆ ಬರುವಾಗ ಅಂಬುಜಾಗೆ ಇಳಿಯಬೇಕಾದ ಸ್ಟಾಪು ದಾಟಿದ್ದೇ ತಿಳಿಯಲಿಲ್ಲ.

ನಡೆಸಿ ತೋರಿಸಲು ಜಾಗ ಸಿದ್ಧವಾಗಿಯೇ ಇತ್ತು. ಸುತ್ತಲಿನ ಹತ್ತಾರು ಶಾಲೆಗಳ ಶಿಕ್ಷಕರು ಸೇರಿ ಕಟ್ಟಿದ ಒಂದು ಗೃಹನಿರ್ಮಾಣ ಸಂಘವಿತ್ತು. ನಗರದ ಹೊರಗೆ ಜಮೀನು ಕೊಂಡು, ಸೈಟು ಹಂಚಿ ಮನೆ ಕಟ್ಟಿಕೊಡುವುದು ಅದರ ಉದ್ದೇಶ. ಐನೂರರ ಹತ್ತಿರ ಸದಸ್ಯರು, ಎಲ್ಲ ಸೀಮೆಯವರೂ ಇದ್ದರು. ಅಂಬುಜಾ ಕೂಡ ಸದಸ್ಯೆ. ಆ ವರ್ಷ ಅಧ್ಯಕ್ಷರ ಚುನಾವಣೆ. ನಿಂತವರು ಮೂವರು: ಡೇವಿಡ್, ಗ್ಲೋರಿಯಾ, ಮತ್ತು ಸಂಘದ ಹಳೆಯ ಕಾರ್ಯದರ್ಶಿ. ಡೇವಿಡ್ ಮತ್ತು ಗ್ಲೋರಿಯಾ ಅಷ್ಟು ಹೊತ್ತಿಗೆ ಮಾತಾಡುವಷ್ಟು ಹತ್ತಿರ ಬಂದಿದ್ದರು. ಹೊಸ ಬಗೆಯ ಮತದಾನಕ್ಕೆ ಇಬ್ಬರೂ ಒಪ್ಪಿದರು. ಡೇವಿಡ್ ಅಂತೂ ಸಭೆಯಲ್ಲಿ ಎದ್ದು ನಿಂತು, ಮೂವತ್ತು ವರ್ಷದಿಂದ ಈಕೆಯ ಲೆಕ್ಕದಲ್ಲಿ ನಾನು ತಪ್ಪು ಕಂಡಿಲ್ಲ ಎಂದ.

ನವೆಂಬರಿನ ಒಂದು ಶನಿವಾರ ಶಾಲೆಯ ಊಟದ ಹಾಲ್‌ನಲ್ಲಿ ಮತದಾನವಾಯಿತು. ಅಂಬುಜಾಳೇ ಚುನಾವಣಾಧಿಕಾರಿ. ಮತಪತ್ರ ಆಕೆಯೇ ಅಚ್ಚು ಹಾಕಿಸಿದ್ದಳು. ಸರತಿಯಲ್ಲಿ ನಿಂತು ತನ್ನ ಮತವನ್ನೂ ಹಾಕಿದಳು. ನಾನೂರ ಎಂಬತ್ತಾರು ಮತ. ಮೊದಲ ಎಣಿಕೆಯಲ್ಲಿ ಡೇವಿಡ್‌ಗೆ ಇನ್ನೂರ ಹದಿನಾಲ್ಕು, ಗ್ಲೋರಿಯಾಗೆ ನೂರ ಎಪ್ಪತ್ತೆಂಟು, ಕಾರ್ಯದರ್ಶಿಗೆ ತೊಂಬತ್ತನಾಲ್ಕು. ಡೇವಿಡ್‌ನ ಕಡೆಯವರು ಹಾಡು ಶುರುಮಾಡಿದರು. ಅಂಬುಜಾ ಅವರನ್ನು ಸುಮ್ಮನಾಗಿಸಿ, ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಂದಿಲ್ಲವಾದ್ದರಿಂದ ಕೊನೆಯವರನ್ನು ಕೈಬಿಟ್ಟು ಅವರ ಮತಪತ್ರಗಳ ಎರಡನೆಯ ಆಯ್ಕೆ ನೋಡಬೇಕು ಎಂದು ಮತ್ತೊಮ್ಮೆ ವಿವರಿಸಿದಳು. ಆ ತೊಂಬತ್ತನಾಲ್ಕರಲ್ಲಿ ಎಪ್ಪತ್ತೊಂಬತ್ತು ಗ್ಲೋರಿಯಾಗೆ ಹೋದವು, ಹನ್ನೊಂದು ಡೇವಿಡ್‌ಗೆ. ನಾಲ್ಕರಲ್ಲಿ ಎರಡನೆಯ ಆಯ್ಕೆಯೇ ಇರಲಿಲ್ಲ. ಗ್ಲೋರಿಯಾ ಇನ್ನೂರ ಐವತ್ತೇಳು, ಡೇವಿಡ್ ಇನ್ನೂರ ಇಪ್ಪತ್ತೈದು.

ಹಾಡು ನಿಂತಿತು. ಹಿಂದಿನ ಸಾಲಿನಿಂದ ಯಾರೋ, ಮುಂದಿದ್ದವನು ಸೋತದ್ದು ಹೇಗೆ ಎಂದು ಕೇಳಿದರು. ಅಂಬುಜಾ ಹೇಳಿದಳು. ಮತ್ತೊಬ್ಬರು ಅದನ್ನೇ ಕೇಳಿದರು. ಮತ್ತೆ ಹೇಳಿದಳು. ಡೇವಿಡ್ ಎದ್ದು ಗ್ಲೋರಿಯಾಳ ಕೈ ಕುಲುಕಿ, ಟೋಪಿ ಹಾಕಿಕೊಂಡು ಹೊರಟುಹೋದ.

ಅಂಬುಜಾ ತಪ್ಪು ಮಾಡಿದ್ದು ಆಮೇಲೆ, ಸೋಮವಾರ. ಎಣಿಕೆಯ ಮೇಲೆ ಯಾರಿಗೂ ಅನುಮಾನ ಉಳಿಯಬಾರದು ಎಂದು ಎಲ್ಲ ಮತಪತ್ರಗಳನ್ನೂ ಮತ್ತೆ ಬಿಡಿಸಿ, ಯಾರನ್ನು ಎಷ್ಟು ಜನ ಮೊದಲನೆಯವರಾಗಿ, ಎಷ್ಟು ಜನ ಎರಡನೆಯವರಾಗಿ, ಎಷ್ಟು ಜನ ಮೂರನೆಯವರಾಗಿ ಬರೆದಿದ್ದಾರೆ ಎಂದು ದೊಡ್ಡ ಕೋಷ್ಟಕ ಮಾಡಿ ಸಂಘದ ನೋಟೀಸ್ ಬೋರ್ಡಿಗೆ ಹಚ್ಚಿದಳು. ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು, ಮೊತ್ತ ಎರಡೆರಡು ಸಲ ತಾಳೆ ನೋಡಿ ಮಾಡಿದ್ದಳು. ಡೇವಿಡ್‌ನ ಹೆಸರಿನ ಮುಂದೆ ಕೊನೆಯ ಅಂಕಣದಲ್ಲಿ ಇನ್ನೂರ ನಲವತ್ತು ಎಂದಿತ್ತು. ಹತ್ತಿರ ಹತ್ತಿರ ಅರ್ಧ ಸಂಘ ಅವನನ್ನು ಕೊನೆಗೆ ಇಟ್ಟಿತ್ತು. ಇನ್ನಾರಿಗೂ ಆ ಸಂಖ್ಯೆಯ ಅರ್ಧವೂ ಇರಲಿಲ್ಲ. ಸಂಜೆಯೊಳಗೆ ಯಾರೋ ಅದರ ಫೋಟೋ ತೆಗೆದು ಹಂಚಿದರು. ಆ ಇನ್ನೂರ ನಲವತ್ತು ಯಾರು, ಯಾವ ಸೀಮೆಯವರು ಎಂದು ಲೆಕ್ಕ ಹಾಕಲು ಗಣಿತದ ಎಂಎಸ್ಸಿ ಬೇಕಿರಲಿಲ್ಲ.

ಮೂರು ವಾರದಲ್ಲಿ ಸಂಘ ಒಡೆಯಿತು. ಡೇವಿಡ್‌ನ ಕಡೆಯವರು ಬೇರೆ ಸಂಘ ಮಾಡಿಕೊಂಡು ಜಮೀನಿನ ಪಾಲಿಗೆ ಕೋರ್ಟಿಗೆ ಹೋದರು. ಅಲ್ಲಿ ಇವತ್ತಿಗೂ ಒಂದು ಇಟ್ಟಿಗೆ ಕೂಡ ಏರಿಲ್ಲ. ಡೇವಿಡ್ ಮಾತ್ರ ಎರಡೂ ಸಂಘದಿಂದ ಹೊರಗೆ ಉಳಿದ. ಅಂಬುಜಾ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ.

“ಆ ಟೇಬಲ್ಲು ಯಾಕೆ ಹಾಕಕ್ಕೆ ಹೋದೆ ಅಂಬೂ?” ಎಂದು ನರಸಿಂಹ ಕೇಳಿದರು. ಬೈಯುವ ದನಿಯಲ್ಲಲ್ಲ, ನಿಜವಾಗಿ ತಿಳಿಯದೆ.

“ಮುಚ್ಚಿಟ್ಟಿದ್ರೆ ಮೋಸ ಮಾಡಿದೀವಿ ಅಂತಿದ್ರು ಕಣ್ರೀ” ಎಂದಳು.

“ಈಗ್ಲೂ ಅದೇ ಅಂತಿದಾರಲ್ಲ.”

ಅಂಬುಜಾ ಮತ್ತೆ ಡೇವಿಡ್‌ನ ನಂಬರು ಒತ್ತಿದಳು.

ಪೀಟರ್ ಅಷ್ಟರಲ್ಲಿ ಮಂಡಿಸಿದ್ದ ಮಸೂದೆಯ ಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆ ೨೦೨೫ರ ಏಪ್ರಿಲಿನಲ್ಲಿ ನಡೆಯಿತು, ನಗರದ ನಡುವಿನ ಒಂದು ಸಭಾಂಗಣದಲ್ಲಿ. ಒಬ್ಬೊಬ್ಬರಿಗೆ ಮೂರು ನಿಮಿಷ. ಅಂಬುಜಾ ಹದಿನೇಳು ವರ್ಷದ ಯೋಚನೆಯನ್ನು ಒಂದು ಹಾಳೆಗೆ ಇಳಿಸಿಕೊಂಡು ಹೋಗಿದ್ದಳು. ಪರವಾಗಿ ಮಾತಾಡಿದವರು ನಾಲ್ಕೋ ಐದೋ ಜನ. ವಿರೋಧಿಸಿದವರ ಸಾಲು ಬಾಗಿಲವರೆಗಿತ್ತು. ಓದು ಬಾರದವರು ಅಂಕಿ ಹೇಗೆ ಬರೆಯಬೇಕು ಎಂದು ಒಬ್ಬರು ಕೇಳಿದರು. ಎರಡು ಕಡೆ ಒಂದೇ ಅಂಕಿ ಬಿದ್ದರೆ ಮತ ಹಾಳಾಗುವುದಿಲ್ಲವೇ ಎಂದು ಇನ್ನೊಬ್ಬರು. ಇವೆಲ್ಲಕ್ಕೂ ಆಕೆಯಲ್ಲಿ ಉತ್ತರವಿತ್ತು. ಒಬ್ಬ ಯುವಕ, ಈ ಮುಹಿಂದಿ ಅಜ್ಜಿಗೆ ನಮ್ಮ ಮತದ ಗೊಡವೆ ಏಕೆ ಎಂದ. ಕೆಲವರು ನಕ್ಕರು. ಭಾರತದವರನ್ನು ಇಲ್ಲಿ ಕರೆಯುವ ಆ ಹೆಸರನ್ನು ನಲವತ್ತು ವರ್ಷದಿಂದ ಕೇಳಿದ್ದರಿಂದ ಅದೂ ಆಕೆಗೆ ಅಷ್ಟೇನೂ ತಾಗಲಿಲ್ಲ.

ಆಮೇಲೆ ಸಾಲಿನಿಂದ ಮೈಕಿನ ಮುಂದೆ ಬಂದು ನಿಂತವನು ಡೇವಿಡ್.

ಅವನು ಬರುತ್ತಾನೆಂದು ಆಕೆಗೆ ಗೊತ್ತಿರಲಿಲ್ಲ. ತರಗತಿಯಲ್ಲಿ ಪಾಠ ಹೇಳುವ ಹಾಗೆ ನಿಧಾನವಾಗಿ ಇಂಗ್ಲಿಷಿನಲ್ಲಿ ಮಾತಾಡಿದ.

“ಈ ಪದ್ಧತಿಯನ್ನು ತಂದವರು ನನ್ನ ಸ್ನೇಹಿತೆ. ಎಣಿಕೆಯಲ್ಲಿ ಒಂದು ಮತದ ಮೋಸವೂ ಆಗಲಿಲ್ಲ, ಅದಕ್ಕೆ ನಾನೇ ಸಾಕ್ಷಿ” ಎಂದು ಆರಂಭಿಸಿದ. “ಆದರೆ ನಮ್ಮ ಜನ ನಂಬುವುದು ಒಂದೇ ಒಂದು ಕಾಗದವನ್ನು. ಸಂಜೆ ಮತಗಟ್ಟೆಯ ಬಾಗಿಲಿಗೆ ಅಂಟಿಸುತ್ತಾರಲ್ಲ, ಅದನ್ನು. ಅಲ್ಲಿ ಎಣಿಸಿದರು, ಅಲ್ಲೇ ಬರೆದರು, ನಾನು ಕಣ್ಣಾರೆ ನೋಡಿದೆ ಎನ್ನಬಹುದು. ಈ ಪದ್ಧತಿಯಲ್ಲಿ ಆ ಬಾಗಿಲಿನಲ್ಲಿ ಗೆದ್ದವನು ಎರಡು ದಿನ ಬಿಟ್ಟು ಇನ್ನೆಲ್ಲೋ ಸೋಲುತ್ತಾನೆ. ಆ ಎರಡು ದಿನ ರಸ್ತೆಯಲ್ಲಿ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಐನೂರು ಮಂದಿ ಮೇಷ್ಟರುಗಳು, ಒಂದು ಊಟದ ಹಾಲ್, ಮೂರು ಗಂಟೆಯ ಎಣಿಕೆ. ನಾವೇ ತಾಳಿಕೊಳ್ಳಲಿಲ್ಲ.”

ಮೂರು ನಿಮಿಷ ಮುಗಿಯುವ ಮೊದಲೇ ಅವನು ಮಾತು ಮುಗಿಸಿದ. ಅಂಬುಜಾ ತನ್ನ ಹಾಳೆ ನೋಡಿದಳು. ಇದಕ್ಕೂ ಉತ್ತರವಿತ್ತು: ಪ್ರತಿ ಮತಗಟ್ಟೆಯಲ್ಲೂ ಎಲ್ಲ ಆಯ್ಕೆಗಳ ಪಟ್ಟಿಯನ್ನು ಬಾಗಿಲಿಗೇ ಅಂಟಿಸಬಹುದು, ಯಾರು ಬೇಕಾದರೂ ಕೂಡಿಸಿ ನೋಡಿಕೊಳ್ಳಬಹುದು. ಹಾಗೆ ಅಂಟಿಸಿದ ಪಟ್ಟಿಯೊಂದು ಏನು ಮಾಡಿತು ಎಂಬುದು ಅದೇ ಕ್ಷಣ ಆಕೆಗೆ ನೆನಪಾಯಿತು. ಮತ್ತೆ ಎದ್ದು ಮಾತಾಡಲು ಸಭೆಯ ಅಧ್ಯಕ್ಷರು ಅವಕಾಶ ಕೊಟ್ಟರೂ ಆಕೆ ಏಳಲಿಲ್ಲ.

ಜುಲೈನಲ್ಲಿ ಪೀಟರ್ ಮಸೂದೆಯನ್ನು ಹಿಂದೆಗೆದುಕೊಂಡ. ಆಕೆಗೆ ಅದು ಗೊತ್ತಾದದ್ದು ಪತ್ರಿಕೆಯ ಒಳಪುಟದ ನಾಲ್ಕು ಸಾಲಿನಿಂದ. ಅದೇ ತಿಂಗಳು ಅವನು ಪಕ್ಷ ಬದಲಿಸಿದ. ಮುಂದಿನ ಚುನಾವಣೆಗೆ ತನ್ನ ಕೌಂಟಿಯಲ್ಲಿ ಅವನೇ ಗವರ್ನರ್ ಅಭ್ಯರ್ಥಿ ಎಂಬ ಸುದ್ದಿ ಹಬ್ಬಿತು. ಅಂಬುಜಾ ಹರ್ಲಿಂಗ್‌ಹ್ಯಾಮ್‌ನ ಕಚೇರಿಗೆ ಹೋಗಿ ಎರಡು ಗಂಟೆ ಕಾದಳು. ಪೀಟರ್ ಸಿಕ್ಕಿದ, ಈ ಸಲವೂ ಎರಡೂ ಕೈಯಲ್ಲಿ ಕೈ ಹಿಡಿದ. ಮನಸ್ಸಿನಲ್ಲಿದ್ದುದನ್ನು ಬಚ್ಚಿಡಲಿಲ್ಲ ಎಂಬುದೊಂದನ್ನು ಮೆಚ್ಚಬೇಕು.

“ಮ್ವಾಲಿಮು, ನನ್ನ ಕೌಂಟಿಯಲ್ಲಿ ಆರು ಜನ ನಿಲ್ಲುತ್ತಿದ್ದಾರೆ. ನನ್ನವರು ನೂರಕ್ಕೆ ಮೂವತ್ತೆಂಟು. ಅಷ್ಟು ಸಾಕು, ಗೆಲ್ಲುತ್ತೇನೆ. ನಿಮ್ಮ ಪದ್ಧತಿ ಬಂದರೆ ಸೋಲುತ್ತೇನೆ” ಎಂದ.

“ಉಳಿದ ಅರವತ್ತೆರಡು ಜನರ ಹತ್ತಿರ ಹೋಗು. ಅದಕ್ಕೇ ಅಲ್ಲವೇ ಇದು?” ಎಂದಳು ಅಂಬುಜಾ.

“ಹೋದರೆ ನನ್ನವರು ನನ್ನನ್ನು ಬಿಡುತ್ತಾರೆ” ಎಂದ ಪೀಟರ್. ಡ್ರೈವರಿಗೆ ಹೇಳಿ ಆಕೆಯನ್ನು ಲಂಗಾಟಾದವರೆಗೆ ಕಾರಿನಲ್ಲಿ ಬಿಡಿಸಿದ.

ಆಗಸ್ಟಿನಲ್ಲಿ ಆಕೆ ಏನನ್ನೂ ಬರೆಯಲಿಲ್ಲ. ಮನೆ ತುಂಬ ಇದ್ದ ಕಾಗದಗಳನ್ನು ಮಗಳು ಬಂದು ಪೆಟ್ಟಿಗೆಗಳಿಗೆ ತುಂಬಿದಳು, ಬಿಸಾಡಲೋ ಇಡಲೋ ಎಂದು ಕೇಳಿದಳು. ನಿನಗೆ ತೋಚಿದ ಹಾಗೆ ಮಾಡು ಎಂದಳು ತಾಯಿ. ಮಗಳು ಅವನ್ನು ಬಿಸಾಡಲಿಲ್ಲ, ತನ್ನ ಮನೆಗೆ ಒಯ್ದಳು. ಅಂಬುಜಾಗೆ ಅದರಿಂದ ಸಮಾಧಾನವೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಬೆಳಿಗ್ಗೆ ಎದ್ದರೆ ಸಂಜೆಯವರೆಗೆ ಮಾಡುವುದಕ್ಕೇನಿದೆ ಎಂದು ಹುಡುಕುವ ಹಾಗಾಯಿತು. ನರಸಿಂಹ ವಾಕಿಂಗಿಗೆ ಕರೆದರೆ ಹೋಗುತ್ತಿದ್ದಳು, ಕರೆಯದಿದ್ದರೆ ಇಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಯಾರಿಗೂ ಹೇಳದೆ, ಮಟಾಟು ಹಿಡಿದು ನಗರದಾಚೆಯ ರೊಂಗಾಯ್‌ಗೆ ಹೋದಳು. ಡೇವಿಡ್ ಅಲ್ಲಿ ಬಾಡಿಗೆ ಮನೆಯಲ್ಲಿದ್ದ, ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ. ಬಾಗಿಲು ತೆರೆದವನು ಆಶ್ಚರ್ಯ ತೋರಿಸಲಿಲ್ಲ. ಒಳಗೆ ಕೂರಿಸಿ, ತಾನೇ ಚಹಾ ಮಾಡಿ ತಂದ. ಸಕ್ಕರೆ ಆಕೆಗೆ ಎಷ್ಟು ಬೇಕೆಂದು ಕೇಳಬೇಕಾಗಿರಲಿಲ್ಲ. ಮೊಣಕಾಲಿನ ನೋವಿನ ಮಾತಾಯಿತು, ಮಗನ ಮಕ್ಕಳ ಮಾತಾಯಿತು.

ಅಂಬುಜಾ ಕ್ಷಮೆ ಕೇಳಲು ಬಂದಿದ್ದಳು. ಹೇಗೋ ಮಾಡಿ ಆ ಕೋಷ್ಟಕದ ಮಾತು ತೆಗೆದಳು. ಡೇವಿಡ್ ಕೈ ಎತ್ತಿ ತಡೆದ.

“ನನಗೆ ನಿಮ್ಮ ಮೇಲೆ ಕೋಪವಿಲ್ಲ. ಹಳೆಯ ಪದ್ಧತಿಯಲ್ಲಿ ಸೋತಿದ್ದರೆ, ಇಷ್ಟು ಜನ ಗ್ಲೋರಿಯಾಳನ್ನು ಹೆಚ್ಚು ಇಷ್ಟಪಟ್ಟರು ಎಂದುಕೊಂಡು ಸುಮ್ಮನಾಗುತ್ತಿದ್ದೆ. ಈಗ ಇನ್ನೂರ ನಲವತ್ತು ಜನ ನನ್ನನ್ನು ಬೇಡವೇ ಬೇಡ ಎಂದದ್ದು ಗೊತ್ತಾಯಿತು. ಅವರಲ್ಲಿ ನಾನು ಓದಿಸಿದವರಿದ್ದಾರೆ, ಹೆಂಡತಿಯ ಮಣ್ಣಿಗೆ ಬಂದವರಿದ್ದಾರೆ. ರಸ್ತೆಯಲ್ಲಿ ಯಾರಾದರೂ ಕೈ ಬೀಸಿದರೆ, ಇವರು ಅವರಲ್ಲಿ ಒಬ್ಬರೋ ಎಂದು ನೋಡುತ್ತೇನೆ. ಅದು ನಿಲ್ಲುತ್ತಿಲ್ಲ.”

ಅಂಬುಜಾ ಲೋಟ ಕೆಳಗಿಟ್ಟಳು. ಹೊರಗೆ ಬೀದಿಯಲ್ಲಿ ಮಟಾಟುವಿನವರು ಪ್ರಯಾಣಿಕರನ್ನು ಕೂಗಿ ಕರೆಯುತ್ತಿದ್ದರು.

“ನೀವು ನನ್ನನ್ನು ಎಲ್ಲಿ ಬರೆದಿರಿ?” ಎಂದು ಡೇವಿಡ್ ಕೇಳಿದ.

ಮತ ಗುಪ್ತವಾದದ್ದು, ಹೇಳಬೇಕಿಲ್ಲ ಎನ್ನಬಹುದಿತ್ತು. ಮೊದಲನೆಯವನಾಗಿ ಎಂದು ಸುಳ್ಳು ಹೇಳಬಹುದಿತ್ತು. ತಾಳೆ ನೋಡುವವರು ಯಾರು? ಮೂವತ್ತು ವರ್ಷ ಈ ಮನುಷ್ಯನಿಗೆ ಆಕೆ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಹೆಣ್ಣುಮಗಳೊಬ್ಬಳು ಅಧ್ಯಕ್ಷಳಾಗಲಿ ಎಂದು ಗ್ಲೋರಿಯಾಳಿಗೆ ಮೊದಲ ಗುರುತು ಹಾಕಿ, ಡೇವಿಡ್‌ನ ಹೆಸರಿನ ಮುಂದೆ ತುಂಬು ಪ್ರೀತಿಯಿಂದ ಎರಡು ಎಂದು ಬರೆದಿದ್ದಳು. ಹಾಗೆ ಬರೆಯುವಾಗ ತಾನು ಇಷ್ಟು ವರ್ಷ ಕಾದದ್ದು ಇದಕ್ಕೇ ಎಂದು ಹಿಗ್ಗಿದ್ದಳು.

“ಎರಡನೆಯದು” ಎಂದಳು.

ಡೇವಿಡ್ ತಲೆದೂಗಿದ. ಎದುರಿಗಿದ್ದ ಲೋಟಗಳನ್ನು ಒಂದರೊಳಗೊಂದು ಇಟ್ಟು ಒಳಗೆ ಒಯ್ದ. ನಲ್ಲಿಯ ನೀರಿನ ಸದ್ದು ಬಹಳ ಹೊತ್ತು ಕೇಳಿತು. ಹೊರಗೆ ಬಂದವನು, ಸಂಜೆಯಾದರೆ ರಸ್ತೆ ಕಟ್ಟಿಕೊಳ್ಳುತ್ತದೆ, ಈಗಲೇ ಹೊರಡಿ ಎಂದ. ಮಟಾಟು ನಿಲ್ಲುವ ಸ್ಟೇಜಿನವರೆಗೆ ಜೊತೆಗೆ ನಡೆದು, ಮಟಾಟು ಹತ್ತಿಸಿ, ಕಿಟಕಿಯ ಪಕ್ಕದ ಸೀಟು ಕೊಡಿ ಎಂದು ಕಂಡಕ್ಟರನಿಗೆ ಹೇಳಿದ. ಮುಂದಿನ ತಿಂಗಳು ಅವನು ರೊಂಗಾಯ್ ಬಿಟ್ಟು ತನ್ನ ಸೀಮೆಗೆ ಹೊರಟುಹೋದ ಎಂಬುದನ್ನು ಗ್ಲೋರಿಯಾ ಫೋನಿನಲ್ಲಿ ತಿಳಿಸಿದಳು. ಅವನು ಯಾರಿಗೂ ಹೇಳಿ ಹೋಗಿರಲಿಲ್ಲ.

ಆ ಸಂಜೆ ರೊಂಗಾಯ್‌ನಿಂದ ಆಕೆ ಮನೆ ಸೇರಿದಾಗ ನರಸಿಂಹ ಗೇಟಿನ ಹತ್ತಿರವೇ ನಿಂತಿದ್ದರು.

“ಎಲ್ಲಿಗೆ ಹೋಗಿದ್ದೆ? ಫೋನ್ ಯಾಕೆ ತೆಗೀಲಿಲ್ಲ?”

“ಡೇವಿಡ್‌ನ ನೋಡ್ಕೊಂಡು ಬಂದೆ.”

“ಹೌದಾ? ಏನಂದ?”

ಅಂಬುಜಾ ಚಪ್ಪಲಿ ಬಿಟ್ಟಳು. “ಮೊಣಕಾಲು ನೋವಂತೆ” ಎಂದು ಒಳಗೆ ಹೋದಳು.